ಕಾಲಂ ಕಣ್ಣೆದುರೇ ಇದೆ, ಹೈಬರ್ನೇಟ್ ಮಾತ್ರ ‘ಇಲ್ಲ’ ಅನ್ನುತ್ತಿದೆ

ಪ್ರಶ್ನೆ: ನಮಸ್ಕಾರ. ಮಂಡ್ಯ ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಂಘಕ್ಕೆ ಲೆಕ್ಕದ ತಂತ್ರಾಂಶವನ್ನು ಜಾವಾದ ಸ್ಪ್ರಿಂಗ್ ಬೂಟ್ 3 ಚೌಕಟ್ಟಿನಲ್ಲಿ ಬರೆದುಕೊಡುತ್ತಿದ್ದೇನೆ. ಡೇಟಾಬೇಸ್ ಹಳೆಯದು, ಪೋಸ್ಟ್‌ಗ್ರೆಸ್. ಮೊದಲಿದ್ದ ನೋಡ್ (ನೋಡ್.ಜೆಎಸ್) ಪ್ರೋಗ್ರಾಂ ಅದನ್ನು ಸೀಕ್ವಲೈಸ್ ಎಂಬ ಲೈಬ್ರರಿಯ ಮೂಲಕ ಕಟ್ಟಿತ್ತು. ಮಿಲ್ಕ್_ಎಂಟ್ರಿ ಟೇಬಲ್‌ನಲ್ಲಿ ಮೆಂಬರ್‌ಕೋಡ್ ಎಂಬ ಕಾಲಂ ಇದೆ, ನಡುವಿನ ‘ಸಿ’ ಕ್ಯಾಪಿಟಲ್. ಎಂಟಿಟಿಯಲ್ಲಿ (ಟೇಬಲ್‌ಗೆ ಜೋಡಿಸಿದ ಜಾವಾ ಕ್ಲಾಸ್) @ಕಾಲಂ ಹಾಕಿ ಅದೇ ಹೆಸರನ್ನು ಕ್ಯಾಪಿಟಲ್ ಸಮೇತ ಕೊಟ್ಟರೂ ‘ಕಾಲಂ ಇಲ್ಲ’ ಅನ್ನುವ ಎರರ್ ಬಂತು. ಡಿಡಿಎಲ್-ಆಟೊ (ಟೇಬಲ್‌ಗಳು ತಾನಾಗಿ ಬದಲಾಗಬೇಕೇ ಎಂಬ ಸೆಟ್ಟಿಂಗ್) ‘ಅಪ್‌ಡೇಟ್’ ಮಾಡಿದ ಮೇಲೆ ಎರರ್ ಹೋಯಿತು, ಆದರೆ ಎಲ್ಲ ಸದಸ್ಯರ ಕೋಡೂ ಖಾಲಿ ಬರುತ್ತಿದೆ. ಹಳೆಯ ಡೇಟಾ ಹೋಯಿತೇ?
— ಓದುಗರು, ಮಂಡ್ಯ

ಉತ್ತರ: ಹೋಗಿಲ್ಲ, ಗಾಬರಿ ಬೇಡ. ಹಳೆಯ ಕೋಡ್‌ಗಳು ಹಳೆಯ ಕಾಲಂನಲ್ಲೇ ಭದ್ರವಾಗಿವೆ. ಆದರೆ ಅಪ್ಲಿಕೇಶನ್ ಅನ್ನು ಈಗಲೇ ನಿಲ್ಲಿಸಿ. ಸಂಜೆಯ ಹಾಲು ಅಳೆಯುವ ಹೊತ್ತಿಗೆ ಅದು ಓಡುತ್ತಿದ್ದರೆ ಹೊಸ ದಾಖಲೆಗಳೆಲ್ಲ ತಪ್ಪು ಕಾಲಂಗೆ ಸೇರುತ್ತಾ ಹೋಗುತ್ತವೆ.

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದವೇ ಇಲ್ಲ. ಹಾಗಾಗಿ ಕೆಳಗೆ ಹೆಸರುಗಳಲ್ಲಿ ಕ್ಯಾಪಿಟಲ್ ಎಲ್ಲಿದೆ ಎಂಬುದನ್ನು ಬೇಕಾದಲ್ಲಿ ಬಿಡಿಸಿ ಹೇಳಿದ್ದೇವೆ.

ನೀವು ಬರೆದ ಹೆಸರು ಡಿಸ್ಕ್ ಮುಟ್ಟುವ ಮೊದಲು ಎರಡು ಕೈ ದಾಟುತ್ತದೆ. ಮೊದಲನೆಯದು ಜಾವಾ ಕ್ಲಾಸ್‌ಗಳನ್ನು ಟೇಬಲ್‌ಗಳಿಗೆ ಜೋಡಿಸುವ ಹೈಬರ್ನೇಟ್‌ನ ‘ಫಿಸಿಕಲ್ ನೇಮಿಂಗ್ ಸ್ಟ್ರಾಟಜಿ’, ಅಂದರೆ ಹೆಸರಿಡುವ ನಿಯಮ. ಸ್ಪ್ರಿಂಗ್ ಬೂಟ್ ಇದಕ್ಕೆ ತಾನಾಗಿಯೇ ‘ಕ್ಯಾಮೆಲ್‌ಕೇಸ್‌ಟುಅಂಡರ್‌ಸ್ಕೋರ್ಸ್’ ಎಂಬ ಕ್ಲಾಸನ್ನು ಕೂರಿಸುತ್ತದೆ. ಸಣ್ಣಕ್ಷರಗಳ ನಡುವೆ ಒಂದು ಕ್ಯಾಪಿಟಲ್ ಕಂಡರೆ ಅದಕ್ಕೂ ಮೊದಲು ಅಂಡರ್‌ಸ್ಕೋರ್ ಹಾಕಿ, ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸುತ್ತದೆ. ಬಹಳ ಜನ ಎಡವುವುದು ಇಲ್ಲೇ: @ಕಾಲಂನಲ್ಲಿ ಕೈಯಾರೆ ಕೊಟ್ಟ ಹೆಸರಿಗೂ ಈ ಕತ್ತರಿ ಬೀಳುತ್ತದೆ. ನೀವು ಮೆಂಬರ್‌ಕೋಡ್ ಎಂದು ಬರೆದಿರಿ, ಡೇಟಾಬೇಸಿಗೆ ಹೋದದ್ದು ಮೆಂಬರ್_ಕೋಡ್.

ಎರಡನೆಯ ಕೈ ಪೋಸ್ಟ್‌ಗ್ರೆಸ್‌ನದು. ಡಬಲ್ ಕೋಟ್ ಇಲ್ಲದ ಹೆಸರನ್ನು ಅದು ಸಣ್ಣಕ್ಷರಕ್ಕೆ ಮಡಿಸುತ್ತದೆ. ಒರಾಕಲ್ ಆದರೆ ದೊಡ್ಡಕ್ಷರಕ್ಕೆ ಮಡಿಸುತ್ತದೆ, ಎಸ್‌ಕ್ಯೂಎಲ್ ಮಾನಕ ಹೇಳುವುದೂ ದೊಡ್ಡಕ್ಷರವನ್ನೇ. ಕೋಟ್ ಒಳಗಿನ ಹೆಸರು ಮಾತ್ರ ಇದ್ದ ಹಾಗೇ ಉಳಿಯುತ್ತದೆ. ಸೀಕ್ವಲೈಸ್ ಪೋಸ್ಟ್‌ಗ್ರೆಸ್ ಜೊತೆ ಎಲ್ಲ ಹೆಸರಿಗೂ ಕೋಟ್ ಹಾಕಿಯೇ ಟೇಬಲ್ ಕಟ್ಟುತ್ತದೆ, ಅದಕ್ಕೇ ಕ್ಯಾಪಿಟಲ್ ‘ಸಿ’ ಉಳಿದುಕೊಂಡಿದೆ.

ಊಹೆ ಮಾಡಬೇಡಿ, ಎರಡು ಕಡೆ ನೋಡಿ. ‘ಆರ್ಗ್.ಹೈಬರ್ನೇಟ್.ಎಸ್‌ಕ್ಯೂಎಲ್’ ಲಾಗ್ ಮಟ್ಟವನ್ನು ಡೀಬಗ್‌ಗೆ ಏರಿಸಿದರೆ ಹೈಬರ್ನೇಟ್ ಕಳಿಸಿದ ನಿಜವಾದ ಹೆಸರು ಸಿಗುತ್ತದೆ. ಪೋಸ್ಟ್‌ಗ್ರೆಸ್‌ನ ಕಮಾಂಡ್ ಸಾಧನ ಪಿಎಸ್‌ಕ್ಯೂಎಲ್‌ನಲ್ಲಿ ‘\ಡಿ ಮಿಲ್ಕ್_ಎಂಟ್ರಿ’ ಕೊಟ್ಟರೆ ಟೇಬಲ್‌ನಲ್ಲಿರುವ ಹೆಸರು ಸಿಗುತ್ತದೆ. ನಿಮ್ಮಲ್ಲಿ ಈಗ ಮೆಂಬರ್‌ಕೋಡ್, ಮೆಂಬರ್_ಕೋಡ್ ಎರಡೂ ಕಾಣುತ್ತವೆ. ‘ಅಪ್‌ಡೇಟ್’ ಮಾಡಿದ್ದು ಇಷ್ಟೇ: ಹೆಸರು ಹೊಂದಲಿಲ್ಲ, ಕಾಲಂ ಇಲ್ಲವೆಂದುಕೊಂಡು ಹೊಸದೊಂದನ್ನು ಖಾಲಿಯಾಗಿ ಸೇರಿಸಿತು. ಡೇಟಾ ಇರುವ ಟೇಬಲ್‌ನ ಮೇಲೆ ‘ಅಪ್‌ಡೇಟ್’ ಯಾವತ್ತೂ ಬೇಡ, ‘ವ್ಯಾಲಿಡೇಟ್’ ಇಡಿ. ಹೊಂದದ ಕಾಲಂನ ಹೆಸರನ್ನು ಅದು ಅಪ್ಲಿಕೇಶನ್ ಏಳುವಾಗಲೇ ಹೇಳಿ ನಿಂತುಬಿಡುತ್ತದೆ. ಎರರ್ ಮೊದಲೇ ಬರುವುದು ನಿಮಗೇ ಒಳ್ಳೆಯದು.

ಇನ್ನು ದುರಸ್ತಿ. ಮೊದಲು ಪಿಜಿ_ಡಂಪ್‌ನಿಂದ ಬ್ಯಾಕಪ್ ತೆಗೆದುಕೊಳ್ಳಿ. ಎರಡೂ ಕಾಲಂನಲ್ಲಿ ಮೌಲ್ಯವಿದ್ದು, ಅವು ಬೇರೆಬೇರೆ ಇರುವ ಸಾಲುಗಳನ್ನು ಹುಡುಕಿ. ಖಾಲಿ ಕೋಡ್ ಕಂಡು ಯಾರಾದರೂ ತೆರೆಯ ಮೇಲೇ ತಿದ್ದಿ ಸೇವ್ ಮಾಡಿದ್ದರೆ ಅಂಥ ಸಾಲು ಸಿಗುತ್ತದೆ. ಅದನ್ನು ಸಂಘದ ಪುಸ್ತಕದೊಂದಿಗೆ ಹೋಲಿಸಿ ಕೈಯಲ್ಲೇ ಸರಿಮಾಡಬೇಕು, ಸ್ಕ್ರಿಪ್ಟ್‌ಗೆ ಬಿಡಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಬದಲಾವಣೆಯೂ ಟ್ರಾನ್ಸಾಕ್ಷನ್ ಒಳಗೆ ನಡೆಯುತ್ತದೆ, ಆದ್ದರಿಂದ ಉಳಿದದ್ದನ್ನು ‘ಬಿಗಿನ್’ ಮತ್ತು ‘ಕಮಿಟ್’ ನಡುವೆ ಒಂದೇ ಉಸಿರಿಗೆ ಮುಗಿಸಿ:

ಅಪ್‌ಡೇಟ್ ಮಿಲ್ಕ್_ಎಂಟ್ರಿ ಸೆಟ್ "ಮೆಂಬರ್‌ಕೋಡ್" = ಮೆಂಬರ್_ಕೋಡ್ ವೇರ್ "ಮೆಂಬರ್‌ಕೋಡ್" ಈಸ್ ನಲ್;
ಆಲ್ಟರ್ ಟೇಬಲ್ ಮಿಲ್ಕ್_ಎಂಟ್ರಿ ಡ್ರಾಪ್ ಕಾಲಂ ಮೆಂಬರ್_ಕೋಡ್;
ಆಲ್ಟರ್ ಟೇಬಲ್ ಮಿಲ್ಕ್_ಎಂಟ್ರಿ ರಿನೇಮ್ ಕಾಲಂ "ಮೆಂಬರ್‌ಕೋಡ್" ಟು ಮೆಂಬರ್_ಕೋಡ್;

ಡ್ರಾಪ್ ಮಾಡುವಾಗ ‘ಇನ್ನೇನೋ ಇದನ್ನು ಅವಲಂಬಿಸಿದೆ’ ಎಂದು ತಕರಾರು ಬಂದರೆ ‘ಕ್ಯಾಸ್ಕೇಡ್’ ಸೇರಿಸಲು ಹೋಗಬೇಡಿ. ಯಾವ ವ್ಯೂ (ಡೇಟಾಬೇಸ್‌ನಲ್ಲಿ ಉಳಿಸಿಟ್ಟ ಕ್ವೆರಿ) ಎಂದು ನೋಡಿ. ರಿನೇಮ್ ಮಾಡಿದರೆ ವ್ಯೂಗಳು ಮುರಿಯುವುದಿಲ್ಲ, ಆದರೆ ಡೇಟಾಬೇಸ್ ಒಳಗೇ ಬರೆದಿಟ್ಟ ಪಿಎಲ್‌ಪಿಜಿಎಸ್‌ಕ್ಯೂಎಲ್ ಫಂಕ್ಷನ್‌ಗಳ ಒಳಗೆ ಹಳೆಯ ಹೆಸರಿದ್ದರೆ ಅವು ಕರೆದಾಗ ಕೈಕೊಡುತ್ತವೆ. ರಿನೇಮ್ ಡೇಟಾವನ್ನು ಸರಿಸುವುದಿಲ್ಲ, ಲಕ್ಷಗಟ್ಟಲೆ ಸಾಲಿದ್ದರೂ ಕ್ಷಣದ ಕೆಲಸ. ಆದರೆ ಆ ಕ್ಷಣಕ್ಕೆ ಟೇಬಲ್ ಪೂರ್ತಿ ಲಾಕ್ ಬೇಕು. ಬೇರೆ ಯಾರಾದರೂ ಅದೇ ಟೇಬಲ್ ಹಿಡಿದು ಕೂತಿದ್ದರೆ ಕಾಯುತ್ತಾ ನಿಲ್ಲುತ್ತದೆ. ಅದಕ್ಕೇ ಹಾಲು ಹಾಕುವ ಹೊತ್ತು ಬಿಟ್ಟು ಮಧ್ಯಾಹ್ನ ಮಾಡಿ.

ಇಷ್ಟಾದ ಮೇಲೆ ಜಾವಾ ಕೋಡ್‌ನಲ್ಲಿ ಏನೂ ಬದಲಿಸಬೇಕಿಲ್ಲ.

ಹಳೆಯ ನೋಡ್ ಪ್ರೋಗ್ರಾಂ ಇನ್ನೂ ಅದೇ ಡೇಟಾಬೇಸ್ ಬಳಸುತ್ತಿದ್ದರೆ ಮಾತ್ರ ರಿನೇಮ್ ಮಾಡುವಂತಿಲ್ಲ. ಆಗ ಎರಡು ಕೆಲಸ ಜೊತೆಗೇ ಆಗಬೇಕು: ‘ಸ್ಪ್ರಿಂಗ್.ಜೆಪಿಎ.ಹೈಬರ್ನೇಟ್.ನೇಮಿಂಗ್.ಫಿಸಿಕಲ್-ಸ್ಟ್ರಾಟಜಿ’ಗೆ ‘ಫಿಸಿಕಲ್‌ನೇಮಿಂಗ್‌ಸ್ಟ್ರಾಟಜಿಸ್ಟ್ಯಾಂಡರ್ಡ್‌ಇಂಪ್ಲ್’ ಕೊಡಬೇಕು, @ಕಾಲಂನ ಹೆಸರಿನ ಸುತ್ತ ಡಬಲ್ ಕೋಟ್ ಕೂಡ ಹಾಕಬೇಕು (ಜಾವಾ ಸ್ಟ್ರಿಂಗ್ ಒಳಗೆ \" ಎಂದು). ಸ್ಟ್ರಾಟಜಿ ಒಂದನ್ನೇ ಬದಲಿಸಿದರೆ ಅಂಡರ್‌ಸ್ಕೋರ್ ಹೋಗುತ್ತದೆ, ಆದರೆ ಪೋಸ್ಟ್‌ಗ್ರೆಸ್ ಕ್ಯಾಪಿಟಲ್ ‘ಸಿ’ಯನ್ನು ಸಣ್ಣದಾಗಿ ಮಡಿಸಿ ಮತ್ತೆ ‘ಇಲ್ಲ’ ಅನ್ನುತ್ತದೆ. ಎರರ್‌ನಲ್ಲಿ ಹೆಸರು ಬದಲಾಗಿರುವುದನ್ನು ಗಮನಿಸದೆ ‘ಸ್ಟ್ರಾಟಜಿ ಬದಲಿಸಿದರೂ ಪ್ರಯೋಜನವಾಗಲಿಲ್ಲ’ ಅನ್ನುವವರು ಬಹಳ. ಸ್ಟ್ರಾಟಜಿ ಇಡೀ ಅಪ್ಲಿಕೇಶನ್‌ಗೆ ಅನ್ವಯಿಸುತ್ತದೆ ಎಂಬುದೂ ನೆನಪಿರಲಿ: ಇದುವರೆಗೆ ಫ್ಯಾಟ್_ಪರ್ಸೆಂಟ್ ಎಂದು ತಾನಾಗಿ ಹೊಂದುತ್ತಿದ್ದ ಕಾಲಂಗಳಿಗೆಲ್ಲ ಹೆಸರನ್ನು ಕೈಯಾರೆ ಬರೆಯಬೇಕಾಗುತ್ತದೆ. ನೇಟಿವ್ ಕ್ವೆರಿಗಳಿಗೆ (ನೀವೇ ಬರೆದ ನೇರ ಎಸ್‌ಕ್ಯೂಎಲ್) ಸ್ಟ್ರಾಟಜಿ ಸೋಕುವುದೇ ಇಲ್ಲ, ಅಲ್ಲಿ ಪ್ರತಿ ಸಲವೂ ಕೋಟ್ ನೀವೇ ಹಾಕಬೇಕು. ಇಷ್ಟೆಲ್ಲ ತಾಪತ್ರಯ ನೋಡಿದರೆ, ನೋಡ್ ಪ್ರೋಗ್ರಾಂ ಬಳಕೆಯಲ್ಲಿಲ್ಲದಿದ್ದಾಗ ರಿನೇಮ್ ಒಂದೇ ಸರಿಯಾದ ದಾರಿ ಎಂಬುದು ನಮ್ಮ ಅಭಿಪ್ರಾಯ.

ಹಾಲಿನ ಲೆಕ್ಕ ಎಂದಮೇಲೆ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಇದ್ದೇ ಇರುತ್ತದೆ, ಆ ಹೆಸರನ್ನೊಮ್ಮೆ ನೋಡಿಕೊಳ್ಳಿ. ಆ್ಯವರೇಜ್‌ಎಸ್‌ಎನ್‌ಎಫ್ ಎಂಬ ಫೀಲ್ಡ್‌ನಲ್ಲಿ ಕೊನೆಯ ಮೂರೂ ಅಕ್ಷರ ಕ್ಯಾಪಿಟಲ್ ಆಗಿದ್ದರೆ ಅಂಡರ್‌ಸ್ಕೋರ್ ಬೀಳುವುದಿಲ್ಲ. ಆ ಕ್ಲಾಸ್ ಮೂರು ಅಕ್ಷರ ಒಟ್ಟಿಗೆ ನೋಡುತ್ತದೆ: ಹಿಂದಿನದು ಸಣ್ಣದು, ಈಗಿನದು ಕ್ಯಾಪಿಟಲ್, ಮುಂದಿನದು ಮತ್ತೆ ಸಣ್ಣದು ಇರಬೇಕು. ಇಲ್ಲಿ ‘ಎಸ್’ ನಂತರ ಬರುವ ‘ಎನ್’ ಕೂಡ ಕ್ಯಾಪಿಟಲ್, ಹಾಗಾಗಿ ಇಡೀ ಹೆಸರು ಸಣ್ಣಕ್ಷರದಲ್ಲಿ ಅಂಟಿಕೊಂಡೇ ಹೋಗುತ್ತದೆ. ‘ಎಸ್’ ಒಂದನ್ನೇ ಕ್ಯಾಪಿಟಲ್ ಬರೆದರೆ ಅಂಡರ್‌ಸ್ಕೋರ್ ಬರುತ್ತದೆ. ಮೆಂಬರ್‌ಐಡಿಯಲ್ಲೂ ಹೀಗೇ: ‘ಐ’, ‘ಡಿ’ ಎರಡೂ ಕ್ಯಾಪಿಟಲ್ ಆದರೆ ಒಂದೇ ಪದ, ‘ಐ’ ಮಾತ್ರ ಆದರೆ ಮೆಂಬರ್_ಐಡಿ. @ಕಾಲಂನಲ್ಲಿ ಅಂಡರ್‌ಸ್ಕೋರ್ ಇರುವ ಸಣ್ಣಕ್ಷರದ ಹೆಸರನ್ನೇ ಕೊಟ್ಟರೆ ಅದಕ್ಕೆ ಯಾರೂ ಕೈಹಚ್ಚುವುದಿಲ್ಲ.

@ಕಾಲಂನಲ್ಲಿ ಏನು ಬರೆದರೂ ಪರಿಣಾಮವೇ ಕಾಣದಿದ್ದರೆ @ಐಡಿ ಎಲ್ಲಿದೆ ನೋಡಿ. @ಐಡಿ ಫೀಲ್ಡ್ ಮೇಲಿದ್ದು @ಕಾಲಂ ಗೆಟರ್ ಮೇಲಿದ್ದರೆ ಹೈಬರ್ನೇಟ್ ಗೆಟರ್‌ನತ್ತ ತಿರುಗಿಯೂ ನೋಡುವುದಿಲ್ಲ.

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಮೈಎಸ್‌ಕ್ಯೂಎಲ್ 8 ಜೊತೆ ಎಲ್ಲ ಸರಿ. ಲಿನಕ್ಸ್ ಸರ್ವರ್‌ಗೆ ಹಾಕಿದರೆ ಕೆಲವು ರಿಪೋರ್ಟ್‌ಗಳಲ್ಲಿ ಮಾತ್ರ 1146 (‘ಟೇಬಲ್ ಇಲ್ಲ’) ಎರರ್. ಯಾಕೆ?
— ಓದುಗರು, ಹೆಬ್ಬಾಳ, ಮೈಸೂರು

ಉತ್ತರ: ಕೆಲವು ಮಾತ್ರ ಅಂದಿರಲ್ಲ, ಅವು ನೇಟಿವ್ ಕ್ವೆರಿಯ ರಿಪೋರ್ಟ್‌ಗಳೇ ಇರಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಕಾಲಂ ಹೆಸರಿಗೆ ಅಕ್ಷರಭೇದ ಎಲ್ಲೂ ಇಲ್ಲ, ಟೇಬಲ್ ಹೆಸರಿಗೆ ಇದೆ. ‘ಲೋವರ್_ಕೇಸ್_ಟೇಬಲ್_ನೇಮ್ಸ್’ ಎಂಬ ಸೆಟ್ಟಿಂಗ್ ವಿಂಡೋಸ್‌ನಲ್ಲಿ 1 (ಭೇದ ಮಾಡುವುದಿಲ್ಲ), ಲಿನಕ್ಸ್‌ನಲ್ಲಿ 0 (ಭೇದ ಮಾಡುತ್ತದೆ). ಹೈಬರ್ನೇಟ್ ತಾನೇ ತಯಾರಿಸಿದ ಕ್ವೆರಿಯಲ್ಲಿ ಹೆಸರು ಸಣ್ಣಕ್ಷರದಲ್ಲಿರುತ್ತದೆ, ತೊಂದರೆಯಿಲ್ಲ. ನೀವು ಕೈಯಲ್ಲಿ ಬರೆದ ಕಡೆ ಕ್ಯಾಪಿಟಲ್ ನುಸುಳಿರುತ್ತದೆ. ಸರ್ವರ್‌ನಲ್ಲಿ ಆ ಸಂಖ್ಯೆಯನ್ನು 1 ಮಾಡಲು ಹೋಗಬೇಡಿ. ಆವೃತ್ತಿ 8ರಲ್ಲಿ ಅದನ್ನು ಡೇಟಾ ಡೈರೆಕ್ಟರಿ ಮೊದಲ ಸಲ ಸಿದ್ಧಪಡಿಸುವಾಗ ಮಾತ್ರ ಕೊಡಬಹುದು, ಆಮೇಲೆ ಬದಲಿಸಿದರೆ ಸರ್ವರ್ ಏಳುವುದೇ ಇಲ್ಲ. ಕ್ವೆರಿಗಳನ್ನೇ ಸಣ್ಣಕ್ಷರಕ್ಕೆ ತನ್ನಿ.

ಪ್ರಶ್ನೆ: ಎಚ್2 ಮೇಲೆ ಎಲ್ಲ ಟೆಸ್ಟ್ ಪಾಸ್, ಪೋಸ್ಟ್‌ಗ್ರೆಸ್‌ನಲ್ಲಿ ಫೇಲ್. ಟೆಸ್ಟ್ ಯಾಕೆ ಹಿಡಿಯಲಿಲ್ಲ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಎಚ್2ನಂಥ ಮೆಮೊರಿಯೊಳಗಿನ ಡೇಟಾಬೇಸ್ ಕಂಡು, ಟೇಬಲ್‌ಗಳನ್ನು ಸ್ಕ್ರಿಪ್ಟ್‌ನಿಂದ ಕಟ್ಟುವ ಫ್ಲೈವೇ ಅಥವಾ ಲಿಕ್ವಿಬೇಸ್ ಇಲ್ಲದಿದ್ದರೆ ಸ್ಪ್ರಿಂಗ್ ಬೂಟ್ ಡಿಡಿಎಲ್-ಆಟೊವನ್ನು ‘ಕ್ರಿಯೇಟ್-ಡ್ರಾಪ್’ಗೆ (ಮೊದಲು ಟೇಬಲ್ ಕಟ್ಟಿ, ಕೊನೆಗೆ ಅಳಿಸು) ಇಡುತ್ತದೆ. ಟೇಬಲ್ ಕಟ್ಟಿದ್ದೂ ಹೈಬರ್ನೇಟ್, ಓದಿದ್ದೂ ಹೈಬರ್ನೇಟ್. ಪ್ರಶ್ನೆಪತ್ರಿಕೆ ಬರೆದವರೇ ಉತ್ತರವನ್ನೂ ಬರೆದ ಹಾಗೆ, ಹೆಸರು ತಪ್ಪಾಗಲು ಸಾಧ್ಯವೇ ಇಲ್ಲ. ಟೆಸ್ಟ್‌ಕಂಟೇನರ್ಸ್ ಬಳಸಿ ಡಾಕರ್‌ನಲ್ಲಿ ನಿಜವಾದ ಪೋಸ್ಟ್‌ಗ್ರೆಸ್ ಎಬ್ಬಿಸಿ, ಫ್ಲೈವೇ ಸ್ಕ್ರಿಪ್ಟ್‌ನಿಂದ ಟೇಬಲ್ ಕಟ್ಟಿಸಿ, ಡಿಡಿಎಲ್-ಆಟೊ ‘ವ್ಯಾಲಿಡೇಟ್’ ಇಡಿ. @ಡೇಟಾಜೆಪಿಎಟೆಸ್ಟ್ ಇದ್ದರೆ ಜೊತೆಗೆ @ಆಟೊಕಾನ್ಫಿಗರ್‌ಟೆಸ್ಟ್‌ಡೇಟಾಬೇಸ್ ಹಾಕಿ ರಿಪ್ಲೇಸ್‌ಗೆ ‘ನನ್’ ಕೊಡಿ. ಇಲ್ಲದಿದ್ದರೆ ಎಚ್2 ಸದ್ದಿಲ್ಲದೆ ಮತ್ತೆ ಬಂದು ಕೂರಬಹುದು. ಕಾಲೇಜಿನ ಲ್ಯಾಬ್‌ನಲ್ಲಿ ಡಾಕರ್ ಸಿಗದೆ ಎಚ್2 ಮೇಲೇ ನಡೆಸಬೇಕಾದರೆ, ಯುಆರ್‌ಎಲ್ ಕೊನೆಗೆ ‘ಮೋಡ್=ಪೋಸ್ಟ್‌ಗ್ರೆಎಸ್‌ಕ್ಯೂಎಲ್;ಡೇಟಾಬೇಸ್_ಟು_ಲೋವರ್=ಟ್ರೂ’ ಸೇರಿಸಿ. ಎಚ್2 ಸ್ವಭಾವತಃ ಹೆಸರನ್ನು ದೊಡ್ಡಕ್ಷರಕ್ಕೆ ಮಡಿಸುತ್ತದೆ, ಇದರಿಂದ ಪೋಸ್ಟ್‌ಗ್ರೆಸ್‌ನಂತೆ ಸಣ್ಣದಕ್ಕೆ ಮಡಿಸುತ್ತದೆ. ಆಗಲೂ ಟೇಬಲ್‌ಗಳನ್ನು ನಿಮ್ಮ ಸ್ಕ್ರಿಪ್ಟ್‌ನಿಂದಲೇ ಕಟ್ಟಿಸಿ.