ಗುಡಿಯ ಕಲ್ಲು ಹಿಟ್ಟಿನಂತೆ ಉದುರುತ್ತಿದೆ, ಏನು ಮಾಡಬೇಕು?

ಪ್ರಶ್ನೆ: ನಮ್ಮೂರ ಹಳೆಯ ಈಶ್ವರ ಗುಡಿ ಬಾದಾಮಿಯ ಕೆಂಪು ಕಲ್ಲಿನದು. ಗೋಡೆಯ ಬುಡದಲ್ಲಿ ಕಲ್ಲು ಉದುರುತ್ತಿದೆ, ಬಿಳಿ ಪುಡಿ ಕಾಣುತ್ತದೆ. ಆಸಿಡ್‌ನಿಂದ ತೊಳೆದು, ಸಿಮೆಂಟ್ ಮೆತ್ತಿ, ಆಯಿಲ್ ಪೇಂಟ್ ಹೊಡೆಸೋಣ ಅಂತಾರೆ ಹಿರಿಯರು. ಸರಿಯೇ?
– ಓದುಗರು, ಗುಳೇದಗುಡ್ಡ ತಾಲ್ಲೂಕು

ಉತ್ತರ: ದಯವಿಟ್ಟು ಮೂರನ್ನೂ ಮಾಡಬೇಡಿ. ಹಿರಿಯರಿಗೂ ಗುಡಿ ಉಳಿಯಲಿ ಎಂಬ ಆಸೆಯೇ ಇದೆ, ಅದಕ್ಕೇ ಕಾರಣವನ್ನು ಬಿಡಿಸಿ ಹೇಳುತ್ತೇನೆ.

ಆ ಬಿಳಿ ಪುಡಿ ಹೆಚ್ಚಾಗಿ ಉಪ್ಪು. ಬಾದಾಮಿಯ ಕೆಂಪು ಕಲ್ಲು ಮರಳುಗಲ್ಲು, ಎಂದರೆ ಉಸುಕಿನ ಕಾಳುಗಳು ಅಂಟಿಕೊಂಡು ಆದ ಕಲ್ಲು. ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಬತ್ತಿಯಲ್ಲಿ ಎಣ್ಣೆ ಏರಿದಂತೆ ನೆಲದ ತೇವ ಅವುಗಳಲ್ಲಿ ಏರುತ್ತದೆ, ಜೊತೆಗೆ ಮಣ್ಣಿನ ಉಪ್ಪನ್ನೂ ತರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಹರಳಾಗುತ್ತದೆ. ಆ ಹರಳು ಬೆಳೆಯುತ್ತಾ ಒಳಗಿನಿಂದ ಒತ್ತಿ ಕಾಳುಗಳನ್ನು ಬಿಡಿಸುತ್ತದೆ. ಮಳೆಗೆ ಕರಗಿ, ಬಿಸಿಲಿಗೆ ಮತ್ತೆ ಹರಳು. ವರ್ಷವೂ ಇದೇ ಆಟ.

ಸಿಮೆಂಟ್ ಮೆತ್ತಿದರೆ ತೇವ ಅದನ್ನು ದಾಟಲಾರದು, ಪಕ್ಕದ ಕಲ್ಲಿನಿಂದ ಹೊರಬರುತ್ತದೆ. ಕೊನೆಗೆ ಸಿಮೆಂಟ್ ಉಳಿಯುತ್ತದೆ, ಕಲ್ಲು ಹೋಗುತ್ತದೆ! ಆಯಿಲ್ ಪೇಂಟ್ ಸಿಪ್ಪೆ ಏಳುವಾಗ ಕೆತ್ತನೆಯ ಮೇಲ್ಪದರವನ್ನೂ ಕಿತ್ತುಕೊಂಡು ಬರುತ್ತದೆ. ಆಸಿಡ್ ಹೊಸ ಉಪ್ಪನ್ನೇ ಬಿಟ್ಟು ಹೋಗುತ್ತದೆ.

ಹಾಗೆಂದು ಕಲ್ಲೇ ಬಡವಲ್ಲ. ಬಾದಾಮಿಯ 3ನೇ ಗುಹೆಯಲ್ಲಿ 578ರ ಶಾಸನ ಇಂಥದೇ ಕಲ್ಲಿನ ಮೇಲೆ ಉಳಿದಿದೆ ಅಲ್ವಾ?

ಮೊದಲು ನೀರಿನ ದಾರಿ ಹುಡುಕಿ. ಮಾಳಿಗೆ ಸೋರುತ್ತಿದೆಯೇ? ಅಭಿಷೇಕದ ನೀರು ಎಲ್ಲಿಗೆ ಹೋಗುತ್ತದೆ? ಗೋಡೆಯ ಸುತ್ತ ಇತ್ತೀಚೆಗೆ ಕಾಂಕ್ರೀಟ್ ಹಾಕಿದ್ದೀರಾ? ಹಾಕಿದ್ದರೆ ನೆಲದ ತೇವಕ್ಕೆ ಗೋಡೆ ಬಿಟ್ಟು ಬೇರೆ ದಾರಿಯೇ ಇಲ್ಲ. ಇದು ಸರಿಯಾಗದೆ ಕಲ್ಲಿಗೆ ಯಾವ ಮದ್ದು ಹಚ್ಚಿದರೂ ಸುಮ್ನೆ ಖರ್ಚು.

ಬಿಳಿ ಪುಡಿಯನ್ನು ಒಣಗಿದ್ದಾಗಲೇ ಮೆತ್ತನೆಯ ಬ್ರಷ್‌ನಿಂದ ಬಿಡಿಸಿ, ಗುಡಿಯಿಂದ ದೂರ ಚೆಲ್ಲಿ. ಕಲ್ಲು ಉದುರುವ ಜಾಗ ಮುಟ್ಟಬೇಡಿ. ಒಳಗಿನ ಉಪ್ಪು ತೆಗೆಯಲು ಸಂರಕ್ಷಣಾ ತಜ್ಞರು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿದ ಕಾಗದದ ತಿರುಳನ್ನು ಮೆತ್ತುತ್ತಾರೆ. ಅದು ಆರುವಾಗ ಉಪ್ಪನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ತೆಗೆದ ತಿರುಳಿನಲ್ಲಿ ಎಷ್ಟು ಉಪ್ಪಿದೆ ಎಂದು ಅಳೆದು, ಕಡಿಮೆಯಾಗುವವರೆಗೆ ಮತ್ತೆ ಮತ್ತೆ ಮಾಡುತ್ತಾರೆ. ತೀರಾ ಸಡಿಲವಾದ ಕಲ್ಲಿಗೆ ಈಥೈಲ್ ಸಿಲಿಕೇಟ್ ಎಂಬ, ಕಾಳುಗಳನ್ನು ಮತ್ತೆ ಬೆಸೆಯುವ ದ್ರವ ಕುಡಿಸುವುದೂ ಉಂಟು. ಆದರೆ ಒಮ್ಮೆ ಒಳಹೋದದ್ದನ್ನು ಹೊರತೆಗೆಯಲಾಗದು. ಅಂಗಡಿಯಿಂದ ತಂದು ನೀವೇ ಹಚ್ಚಬೇಡಿ.

ಸಂದು ತುಂಬಲು ಸುಣ್ಣದ ಗಾರೆಯೇ ಸರಿ, ಅದೂ ಕಲ್ಲಿಗಿಂತ ಮೆತ್ತಗಿರಬೇಕು. ಆಗ ಹಾಳಾಗುವುದು ಗಾರೆ, ಕೆತ್ತನೆಯಲ್ಲ. ಪಕ್ಕದ ವಿಜಯಪುರದ ಗೋಳಗುಮ್ಮಟವನ್ನು ಕಟ್ಟಿದ್ದೂ ಸುಣ್ಣದ ಗಾರೆಯಿಂದಲೇ.

ಗುಡಿ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಬೇಕೇ ಬೇಕು. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಒಂದೇ ಜಾಗದಿಂದ ಫೋಟೊ ತೆಗೆದಿಡಿ. ತಜ್ಞರು ಬಂದಾಗ ಮೊದಲು ಅದನ್ನೇ ಕೇಳುತ್ತಾರೆ.