ದೊಡ್ಡಮಾವನ ಹಾಗೇ ನಾನೂ ಆಗ್ತೀನಾ?

ಬೆಂಗಳೂರಿನಲ್ಲಿ ನರರೋಗ ತಜ್ಞರ ಜೊತೆ ಜೆನೆಟಿಕ್ ಕೌನ್ಸೆಲರ್ ಆಗಿ ಕೆಲಸ ಮಾಡುತ್ತೇನೆ. ಇಲ್ಲಿ ಹೆಸರು, ಬಡಾವಣೆ, ಕೆಲಸ ಎಲ್ಲ ಬದಲಾಯಿಸಿದ್ದೇನೆ. ಆಕೆಯನ್ನು ಸುಧಾ ಅಂತ ಕರೆಯೋಣ. ವಯಸ್ಸು 36, ರಾಜಾಜಿನಗರದ ಕಡೆಯವರು, ಎಂಟು ವರ್ಷದ ಮಗಳಿದ್ದಾಳೆ.

ಸುಧಾ ಒಳಗೆ ಬಂದಾಗ ನನ್ನ ಕಣ್ಣು ಹೋಗಿದ್ದು ಅವರ ಬಲಗಾಲಿಗೆ. ನಾಲ್ಕು ಹೆಜ್ಜೆಗೆ ಒಮ್ಮೆ ಚಪ್ಪಲಿ ಜಾರುತ್ತಿತ್ತು. ಬೆರಳುಗಳು ಕೆಳಗೆ ಮಡಚಿಕೊಂಡು, ಪಾದ ಒಳಗೆ ತಿರುಗುತ್ತಿತ್ತು. ಬೆಳಿಗ್ಗೆ ಎದ್ದಾಗ ಚೆನ್ನಾಗೇ ಇರುತ್ತದೆ, ಹೊತ್ತು ಏರಿದ ಹಾಗೆ ಎಳೆಯುತ್ತದೆ ಅಂದರು. ಮೂರು ವರ್ಷ ಮೂಳೆ ಡಾಕ್ಟರ ಹತ್ತಿರ ಓಡಾಡಿದ್ದರಂತೆ. ಕೈ ನಡುಕ ಅಷ್ಟಾಗಿ ಇಲ್ಲದ್ದರಿಂದ ಪಾರ್ಕಿನ್ಸನ್ ಅಂತ ಯಾರಿಗೂ ಹೊಳೆದಿರಲಿಲ್ಲ.

ಅವರ ಜೊತೆ ತಾಯಿಯೂ ಬಂದಿದ್ದರು. ಸುಧಾ ಕುರ್ಚಿಯಲ್ಲಿ ಕೂತವರೇ ಕೇಳಿದ ಮೊದಲ ಮಾತು: "ಮೇಡಂ, ನಾನೂ ದೊಡ್ಡಮಾವನ ಹಾಗೇ ಆಗ್ತೀನಾ?"

ದೊಡ್ಡಮಾವ ಅಂದರೆ ಗಂಡನ ದೊಡ್ಡಪ್ಪ. ಅವರಿಗೆ 68ರಲ್ಲಿ ಪಾರ್ಕಿನ್ಸನ್ ಬಂತು. ಅದಕ್ಕೂ ಎಷ್ಟೋ ವರ್ಷ ಮೊದಲೇ ಹಾಲು ಸೀದು ಹೋದರೂ ಅವರಿಗೆ ವಾಸನೆ ಗೊತ್ತಾಗುತ್ತಿರಲಿಲ್ಲವಂತೆ. ಆಮೇಲೆ ಮರೆವು. ಕೊನೆಕೊನೆಗೆ ಸೋಫಾ ಮೇಲೆ ಯಾರದೋ ಮಕ್ಕಳು ಕೂತಿದ್ದಾರೆ, ಊಟಕ್ಕೆ ಹಾಕಿ ಅನ್ನುತ್ತಿದ್ದರು. ಅವರನ್ನು ನೋಡಿಕೊಂಡವರು ಸುಧಾನೇ. ಕಾಯಿಲೆಯ ಹೆಸರು ಕೇಳಿದ ದಿನದಿಂದ ಆಕೆಗೆ ಕಾಣುತ್ತಿರುವುದು ಅದೇ ಸೋಫಾ.

ಸುಧಾ ಅವರ ರಿಪೋರ್ಟ್ ನನ್ನ ಮುಂದಿತ್ತು. ಪಾರ್ಕಿನ್ ಅನ್ನುವ ಜೀನಿನ ಎರಡೂ ಪ್ರತಿಗಳಲ್ಲಿ, ಅಂದರೆ ತಾಯಿಯಿಂದ ಬಂದದ್ದರಲ್ಲೂ ತಂದೆಯಿಂದ ಬಂದದ್ದರಲ್ಲೂ, ಒಂದು ತುಂಡು ಬಿಟ್ಟುಹೋಗಿದೆ. ಮೊದಲು ಮಾಡಿಸಿದ ಪರೀಕ್ಷೆಯಲ್ಲಿ ಇದು ಸಿಕ್ಕಿರಲಿಲ್ಲ. ಈ ಜೀನಿನಲ್ಲಿ ತುಂಡೇ ಕಾಣೆಯಾಗುವುದು ಜಾಸ್ತಿ. ಅದನ್ನು ಹುಡುಕಲು ಎಂಎಲ್‌ಪಿಎ ಅನ್ನುವ ಬೇರೆ ಪರೀಕ್ಷೆ ಬೇಕಾಗಬಹುದು. ಚಿಕ್ಕ ವಯಸ್ಸಿನಲ್ಲಿ ಪಾರ್ಕಿನ್ಸನ್ ಬಂದು ಜೀನ್ ರಿಪೋರ್ಟ್ ನಾರ್ಮಲ್ ಅಂತ ಇದ್ದರೆ, ಇದನ್ನೂ ನೋಡಿದ್ದಾರಾ ಅಂತ ದಯವಿಟ್ಟು ಕೇಳಿ.

ಪಾರ್ಕಿನ್ ಜೀನ್ ಪತ್ತೆಯಾಗಿದ್ದು 1998ರಲ್ಲಿ, ಜಪಾನಿನಲ್ಲಿ. ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯಾಗಳು ಕೆಟ್ಟುಹೋದಾಗ ಅವಕ್ಕೆ ಗುರುತು ಹಾಕಿ, ತೆಗೆದುಹಾಕಲು ನೆರವಾಗುವುದು ಇದರ ಒಂದು ಕೆಲಸ. ಎರಡೂ ಪ್ರತಿ ಕೆಟ್ಟಾಗ ಬರುವ ಪಾರ್ಕಿನ್ಸನ್‌ಗೆ ಅದರದೇ ನಡೆ ಇದೆ. ಸಾಮಾನ್ಯವಾಗಿ 40ರ ಒಳಗೆ ಶುರುವಾಗುತ್ತದೆ. ಕಾಲು ಸೆಟೆಯುತ್ತದೆ. ನಿದ್ದೆ ಮಾಡಿ ಎದ್ದಾಗ ಹಗುರಾಗುತ್ತದೆ. ನಿಧಾನವಾಗಿ ಮುಂದುವರಿಯುತ್ತದೆ. ಮೂಗಿನ ಶಕ್ತಿ, ನೆನಪಿನ ಶಕ್ತಿ ಬಹುತೇಕರಲ್ಲಿ ಉಳಿದಿರುತ್ತವೆ. ನಾನು ಕೇಳಿದೆ, "ಡಿಕಾಕ್ಷನ್ ಇಳಿಯೋ ಘಮ ನಿಮಗೆ ಬರುತ್ತಾ?" ಸುಧಾ ಅಂದರು, "ಪಕ್ಕದ ಮನೆಯದೂ ಬರುತ್ತೆ ಮೇಡಂ." ಆ ದಿನ ಅವರು ನಕ್ಕಿದ್ದು ಆಗ ಒಮ್ಮೆ.

ಜಿಬಿಎ1 ಅನ್ನುವ ಇನ್ನೊಂದು ಜೀನ್ ಇದೆ. ಅದರಲ್ಲಿ ದೋಷ ಇರುವವರಲ್ಲಿ ಮರೆವು, ಇಲ್ಲದ್ದು ಕಾಣಿಸುವುದು ಜಾಸ್ತಿ. ಎಲ್‌ಆರ್‌ಆರ್‌ಕೆ2 ಜೀನಿನ ದೋಷ ಇದ್ದರೆ ಮಾಮೂಲಿ ಪಾರ್ಕಿನ್ಸನ್ ತರಹವೇ ಇರುತ್ತದೆ. ಒಂದೇ ಮನೆಯಲ್ಲಿ ಅಣ್ಣನಿಗೆ 50ಕ್ಕೆ ಬಂದು, ತಂಗಿಗೆ ಬರದೇ ಇರಲೂಬಹುದು. ದೊಡ್ಡಮಾವನಿಗೆ ಯಾವ ಪರೀಕ್ಷೆಯೂ ಆಗಿರಲಿಲ್ಲ, ಅವರದು ಯಾವುದು ಅಂತ ಹೇಳಲಾರೆ. ಆದರೆ ಸುಧಾ ಅವರ ರಕ್ತಸಂಬಂಧಿ ಅವರಲ್ಲ. ಅವರ ಮುಪ್ಪನ್ನು ನೋಡಿ ಈಕೆ ತನ್ನ ಮುಂದಿನ ದಿನ ಲೆಕ್ಕ ಹಾಕುವುದು ಸರಿಯಲ್ಲ. ಇದನ್ನು ಎರಡೆರಡು ಸಲ ಹೇಳಿದೆ. ಹಾಗಂತ ಏನೂ ಆಗೋದಿಲ್ಲ ಅಂತ ಮಾತು ಕೊಡಲಿಲ್ಲ. ಒಂದೇ ದೋಷ ಇದ್ದರೂ ಇಬ್ಬರು ಒಂದೇ ತರಹ ಇರುವುದಿಲ್ಲ. ಆತಂಕ, ಮನಸ್ಸು ಕುಗ್ಗುವುದು ಈ ಕಾಯಿಲೆಯ ಭಾಗವಾಗಿಯೇ ಬರಬಹುದು. ಹಾಗಾದಾಗ ಸುಮ್ನೆ ನುಂಗಿಕೊಂಡು ಇರಬೇಡಿ, ಬಂದು ಹೇಳಿ ಅಂದೆ.

ತಾಯಿ ಅಷ್ಟು ಹೊತ್ತೂ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು, "ನಾನು ಸೋದರಮಾವನನ್ನೇ ಕಟ್ಟಿಕೊಂಡೆ. ಅದಕ್ಕೇ ಹೀಗಾಯ್ತಾ ಮೇಡಂ?"

ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಎಷ್ಟು ಮಾಮೂಲು ಅಲ್ವಾ! ಈ ಪ್ರಶ್ನೆಗೆ ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಇಷ್ಟವಿಲ್ಲ. ಸಂಬಂಧ ಇದೆ ಅಮ್ಮ ಅಂದೆ. ನಿಮ್ಮ ಅಜ್ಜಿ ಅಥವಾ ತಾತನಲ್ಲಿದ್ದ ಕೆಟ್ಟ ಪ್ರತಿ ನಿಮ್ಮ ತಾಯಿಗೂ ಬಂದಿರಬೇಕು, ಅವರ ತಮ್ಮನಿಗೂ ಬಂದಿರಬೇಕು. ತಾಯಿಯಿಂದ ನಿಮಗೆ ಬಂತು. ಆ ತಮ್ಮನೇ ನಿಮ್ಮ ಯಜಮಾನರು. ಹಾಗಾಗಿ ಒಂದೇ ಮನೆಯಿಂದ ಹೊರಟದ್ದು ಎರಡು ದಾರಿಯಲ್ಲಿ ಬಂದು ಮಗಳಲ್ಲಿ ಸೇರಿತು. ಒಂದು ಪ್ರತಿ ಮಾತ್ರ ಕೆಟ್ಟಿದ್ದರಿಂದ ನಿಮ್ಮಿಬ್ಬರಿಗೂ ಏನೂ ಆಗಲಿಲ್ಲ. ಇದು ನಿಮಗೆ ತಿಳಿಯುವ ದಾರಿಯೇ ಇರಲಿಲ್ಲ. ಹಿರಿಯರು ಗೊತ್ತು ಮಾಡಿದ ಮದುವೆ, ಆಗ ನಿಮಗೆ 17. ಇದರಲ್ಲಿ ನಿಮ್ಮ ತಪ್ಪು ಏನಿದೆ? ಅವರು ಅತ್ತರು. ಸುಧಾ ಎದ್ದು ಬಂದು ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂತರು.

ಮಗಳ ವಿಷಯ ಬೇಗ ಮುಗಿಯಿತು. ಆಕೆಯಲ್ಲಿ ಒಂದು ಕೆಟ್ಟ ಪ್ರತಿ ಇದ್ದೇ ಇರುತ್ತದೆ. ಸುಧಾ ಅವರ ಗಂಡ ಹೊರಗಿನ ಸಂಬಂಧ, ಅವರಲ್ಲೂ ದೋಷ ಇರುವ ಸಾಧ್ಯತೆ ತೀರಾ ಕಮ್ಮಿ. ಮಗುವಿಗೆ ಈಗ ಪರೀಕ್ಷೆ ಬೇಡ, 18 ತುಂಬಿದ ಮೇಲೆ ಬೇಕಾದರೆ ಅವಳೇ ತೀರ್ಮಾನಿಸಲಿ ಅಂದೆ.

ಮಾತ್ರೆಯ ವಿಷಯಕ್ಕೆ ಜಾಸ್ತಿ ಹೊತ್ತು ಬೇಕಾಯಿತು. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಅನ್ನುವ ಔಷಧಿಯ ಅರ್ಧ ಮಾತ್ರೆಗೇ ಸುಧಾ ಚೆನ್ನಾಗಿ ಓಡಾಡುತ್ತಿದ್ದರು. ಪಾರ್ಕಿನ್ ದೋಷ ಇರುವವರಲ್ಲಿ ಇದು ಸಾಮಾನ್ಯ. ಆದರೆ ತನ್ನಷ್ಟಕ್ಕೆ ಕೈಕಾಲು ಆಡುವ ತೊಂದರೆಯೂ ಇವರಿಗೆ ಬೇಗ ಬರಬಹುದು. ಅದಕ್ಕೆ ಡಾಕ್ಟರನ್ನು ಕೇಳದೆ ಏರಿಸಬೇಡಿ, ತಟ್ಟನೆ ನಿಲ್ಲಿಸಲೂ ಬೇಡಿ. ಊಟಕ್ಕೆ ಅರ್ಧ ಗಂಟೆ ಮೊದಲೇ ತಗೊಳ್ಳಿ. ಬೇಳೆ, ಹಾಲು, ಮೊಟ್ಟೆಯ ಪ್ರೋಟೀನ್ ಜೊತೆ ಸೇರಿದರೆ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. ಅತ್ತೆ ಯಾರದೋ ಮಾತು ಕೇಳಿ ನಸುಗುನ್ನಿ ಪುಡಿಯನ್ನೂ ಹಾಲಿನಲ್ಲಿ ಕದಡಿ ಕೊಡುತ್ತಿದ್ದರು. ಅದರಲ್ಲಿರುವುದೂ ಲೆವೊಡೋಪಾನೇ! ಎರಡೂ ಸೇರಿ ಎಷ್ಟು ಒಳಗೆ ಹೋಗುತ್ತಿದೆ ಅಂತ ಯಾರಿಗೂ ಲೆಕ್ಕ ಸಿಗುವುದಿಲ್ಲ. ಇದನ್ನು ಡಾಕ್ಟರ ಮುಂದೆ ಮುಚ್ಚಿಡಬೇಡಿ ಅಂತ ಕೇಳಿಕೊಂಡೆ.

ಉಳಿದಿದ್ದು ಸುಧಾ ಅವರ ತಮ್ಮನ ಮದುವೆ. ಸೋದರಮಾವನ ಮಗಳ ಜೊತೆ ಮಾತಾಗಿದೆ, ಅಂದರೆ ಮತ್ತೆ ಅದೇ ಮನೆತನ. ತಮ್ಮನಲ್ಲೂ ಎರಡು ಪ್ರತಿ ಕೆಟ್ಟಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹುಡುಗಿಗೂ ಒಂದು ಪ್ರತಿ ಬಂದಿರಬಹುದು. ಮದುವೆ ನಿಲ್ಲಿಸಿ ಅಂತ ನಾನು ಹೇಳಲಿಲ್ಲ, ಹೇಳುವ ಹಕ್ಕೂ ನನಗಿಲ್ಲ. ಇಬ್ಬರಿಗೂ ವಿಷಯ ತಿಳಿಸಿ, ಪರೀಕ್ಷೆ ಬೇಕೋ ಬೇಡವೋ ಅವರೇ ಹೇಳಲಿ ಅಂದೆ. "ಅವರ ಮನೆಯಲ್ಲಿ ಹೇಗೆ ಬಾಯಿ ಬಿಡೋದು?" ಅಂತ ತಾಯಿ ಹಿಂಜರಿದರು. ಹೇಳಲು ಆಗದಿದ್ದರೆ ಇಲ್ಲಿಗೆ ಕರೆದುಕೊಂಡು ಬನ್ನಿ, ನಾನು ಹೇಳುತ್ತೇನೆ ಅಂದೆ.

ಆರು ವಾರ ಬಿಟ್ಟು ಸುಧಾ ಬಂದಾಗ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿದ್ದರು. ನಸುಗುನ್ನಿ ನಿಂತಿತ್ತು. ತಮ್ಮ ಮತ್ತು ಆ ಹುಡುಗಿ ಬರುವ ಶನಿವಾರ ಹನ್ನೊಂದು ಗಂಟೆಗೆ ಬರುತ್ತಾರೆ.