ಪಿನೇಗಾ ದಂಡೆಯ ಕಥೆ ಸದ್ಯಕ್ಕೆ ವಾಪಸ್

ನಮಸ್ಕಾರ,

ನಿಮ್ಮ ಕಥೆ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ರಷ್ಯಾದ ಅರ್ಖಾಂಗೆಲ್ಸ್ಕ್ ಪ್ರಾಂತ್ಯ, ಪಿನೇಗಾ ನದಿಯ ದಂಡೆ, ಟೈಗಾ ಕಾಡಿನ ನಡುವೆ ಇಬ್ಬರೇ ಅಜ್ಜಿಯರು ಉಳಿದಿರುವ ಹಳ್ಳಿ. ಒಬ್ಬಳಿಗೆ ಜನವರಿಯಲ್ಲಿ ಕಾಯಿಲೆ. ನದಿ ಹೆಪ್ಪುಗಟ್ಟಿದ್ದರಿಂದ ಡಾಕ್ಟರ್ ಬರಲಾಗದೆ ಸಾಯುತ್ತಾಳೆ. ಇಷ್ಟೇ ಕಥೆ, ಅಲ್ವಾ?

ತೊಂದರೆ ಶುರುವಾಗುವುದೇ ಆ ನದಿಯಿಂದ. ಅಲ್ಲಿ ಜನವರಿಯಲ್ಲಿ ನದಿಯೇ ರಸ್ತೆ. ನೀರು ಗಟ್ಟಿಯಾದ ಮೇಲೆ ಗಾಡಿಗಳು ಅದರ ಮೇಲೇ ಓಡಾಡುತ್ತವೆ. ಕಷ್ಟವಿರುವುದು ಏಪ್ರಿಲ್ ಕೊನೆ, ಮೇ ಶುರುವಿನ ಆಸುಪಾಸು, ಮಂಜುಗಡ್ಡೆ ಒಡೆದು ತೇಲುವಾಗ. ಆಗ ನಡೆದು ದಾಟುವ ಹಾಗಿಲ್ಲ, ದೋಣಿ ಇಳಿಸುವ ಹಾಗೂ ಇಲ್ಲ. ಮಣ್ಣು ರಸ್ತೆಯೆಲ್ಲ ಕೆಸರು. ಆಚೆ ದಡದಲ್ಲಿ ಓಡಾಡುವ ಜನ ಕಾಣುತ್ತಾರೆ, ಆದರೆ ಯಾರೂ ಈಚೆ ಬರಲಾರರು. ಕಾಯಿಲೆಯನ್ನು ಆ ವಾರಗಳಿಗೆ ತನ್ನಿ. ಚಳಿಯ ವರ್ಣನೆ ಒಂದೂವರೆ ಪುಟ ಹೋಗುತ್ತದೆ, ಹೋಗಲಿ ಬಿಡಿ.

ಇನ್ನು ಮನೆ. ನೀವು ಬರೆದಿರುವುದು ಮಲೆನಾಡಿನ ಮನೆ, ಮೇಲೆ ಹಿಮ ಉದುರಿಸಿದ್ದೀರಿ ಅಷ್ಟೆ. ಅಜ್ಜಿ ಹಾಲು ಕರೆಯಲು ಅಂಗಳ ದಾಟಿ ಕೊಟ್ಟಿಗೆಗೆ ಹೋಗುತ್ತಾಳೆ. ಆ ಕಡೆಯ ಹಳೇ ದಿಮ್ಮಿ ಮನೆಗಳಲ್ಲಿ ಕೊಟ್ಟಿಗೆ, ಹುಲ್ಲು ಕೂಡಿಡುವ ಅಟ್ಟ ಎಲ್ಲ ಒಂದೇ ಸೂರಿನಡಿ ಇರುತ್ತವೆ. ಹೊರಗೆ ಕಾಲಿಡದೆ ಹಸುವಿನ ಹತ್ತಿರ ಹೋಗಬಹುದು. ಡಿಸೆಂಬರಿನಲ್ಲಿ ಬೆಳಗ್ಗೆ ಆರಕ್ಕೇ ಸೂರ್ಯನನ್ನು ಹುಟ್ಟಿಸಿದ್ದೀರಿ. ಅಲ್ಲಿ ಆಗ ಹತ್ತಾಗಬೇಕು, ನಾಲ್ಕು ಗಂಟೆ ಹೊತ್ತು ಇದ್ದು ಮುಳುಗುತ್ತಾನೆ.

'ಪಟ್ಟಣದ ಆಸೆಗೆ ಎಲ್ಲರೂ ಊರು ಬಿಟ್ಟರು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಸರಿ ಕಾಣಲಿಲ್ಲ. ಹೋದವರ ಮೇಲೆ ಸುಮ್ನೆ ತಪ್ಪು ಹೊರಿಸಿದಂತಾಯಿತು. 1960-70ರ ದಶಕಗಳಲ್ಲಿ ಸೋವಿಯತ್ ಅಧಿಕಾರಿಗಳು ಹಳ್ಳಿಗಳನ್ನು ಉಳಿಯುವ ಊರು, ಉಳಿಯದ ಊರು ಎಂದು ವಿಂಗಡಿಸಿದರು. ಎರಡನೇ ಪಟ್ಟಿಗೆ ಸೇರಿದ ಊರಿನ ಶಾಲೆಗೆ, ಅಂಗಡಿಗೆ, ರಸ್ತೆಗೆ ದುಡ್ಡು ಬರುವುದು ನಿಂತಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ನಂತರ ಸರ್ಕಾರಿ ಕೃಷಿ ಫಾರ್ಮುಗಳು, ಮರ ಕಡಿಯುವ ಸಂಸ್ಥೆಗಳು ಕುಸಿದು ಇದ್ದ ಕೆಲಸವೂ ಹೋಯಿತು. 2010ರ ಜನಗಣತಿಯಲ್ಲಿ ರಷ್ಯಾದ ಸುಮಾರು 1.53 ಲಕ್ಷ ಹಳ್ಳಿಗಳ ಪೈಕಿ 19 ಸಾವಿರಕ್ಕೂ ಜಾಸ್ತಿ ಊರುಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಈ ಅಂಕಿ ಅಂಶ ಕಥೆಗೆ ತುರುಕಬೇಡಿ ಮತ್ತೆ! ಆದರೆ ಶಾಲೆ ಯಾವಾಗ ಮುಚ್ಚಿತು, ಮಗ ಯಾವ ಕೆಲಸ ಕಳೆದುಕೊಂಡು ಹೊರಟ ಎಂಬುದು ಅಜ್ಜಿಗೆ ನೆನಪಿರುತ್ತದೆ. ಬ್ರೆಡ್ಡು ಎಲ್ಲಿಂದ ಬರುತ್ತದೆ ಅಂತಲೂ ನೀವು ಹೇಳಿಲ್ಲ. ಅಂಥ ಊರುಗಳಿಗೆ ಸಾಮಾನು ತುಂಬಿಕೊಂಡು ಅಂಗಡಿ ವ್ಯಾನು ಬರುತ್ತದೆ. ಅದು ಬಾರದ ವಾರವೇ ಒಂದು ಘಟನೆ.

ಒಂದು ಜಾಗದಲ್ಲಿ ಮಾತ್ರ ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅಜ್ಜಿ ಹೊರಗೆ ಹೋಗುವಾಗ ಬೀಗ ಹಾಕದೆ ಬಾಗಿಲಿಗೆ ಕೋಲು ಒರಗಿಸುತ್ತಾಳೆ, ಮನೆಯಲ್ಲಿ ಯಾರೂ ಇಲ್ಲ ಎಂಬ ಗುರುತಿಗೆ. ರಷ್ಯಾದ ಉತ್ತರದ ಹಳ್ಳಿಗಳಲ್ಲಿ ನಿಜವಾಗಿ ಇದ್ದ ರೂಢಿ ಅದು. ಇಬ್ಬರೇ ಇರುವ ಊರಿನಲ್ಲಿ ಆ ಕೋಲನ್ನು ನೋಡುವವಳು ಒಬ್ಬಳೇ. ಗೆಳತಿ ಸತ್ತ ಮೇಲೂ ಅವಳು ಕೋಲು ಒರಗಿಸುತ್ತಾಳಾ? ಅದನ್ನು ಬರೆಯಬೇಕಿತ್ತು. ನೀವು ಏಳನೇ ಪುಟದಲ್ಲಿ ಎಲ್ಲೋ ಒಂದು ಕಡೆ ಹೇಳಿ, 'ಮುಗ್ಧ ಜನರ ನಂಬಿಕೆ' ಎಂಬ ವಿವರಣೆ ಬೇರೆ ಕೊಟ್ಟಿದ್ದೀರಿ. ವಿವರಣೆ ಹೊಡೆದುಹಾಕಿ, ಕೋಲನ್ನು ಮೊದಲ ಪುಟಕ್ಕೆ ತನ್ನಿ.

ತೋಳ ಊಳಿಡುವ ಸಾಲುಗಳೆಲ್ಲ ಹೋಗಲಿ. ಎರಡು ಸಾವಿರ ಪದದೊಳಗೆ ತಂದು ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ, ಹಾಳೆಯ ಫೋಟೋ ತೆಗೆದು ವಾಟ್ಸಾಪ್ ಮಾಡಬೇಡಿ.